ಸೊನ್ನೆ ನಂಬರಿನ ಬಿಲ್ಲೆ

ಒಂಬತ್ತೂ ಕಾಲಿಗೆಲ್ಲ ಹಲಗೆ ಬೋಳಾಯಿತು. ಆರುನೂರು ಮೊಳೆ, ಒಂದರ ಮೇಲೂ ಬಿಲ್ಲೆಯಿಲ್ಲ. ಬೀಗದಕ್ಕ ಹಗ್ಗದ ಕೊಕ್ಕೆಯನ್ನು ಕಂಬದ ಬಳೆಗೆ ಸಿಕ್ಕಿಸಿ, ಸ್ಟೂಲಿನ ಮೇಲೆ ಕೂತು, ದಿಬ್ಬದ ಕಡೆ ಕತ್ತೆತ್ತಿದಳು. ಮೇಲಿಂದ ಮೂರನೇ ಸಾಲಿನಲ್ಲಿ ಹಸಿರು ಕಿಟಕಿ. ಅದರಲ್ಲಿ ಏನೂ ನೇತಾಡುತ್ತಿರಲಿಲ್ಲ. ಸದ್ಯ.

ಹೊರಡುವಾಗ ಗಂಡನಿಗೆ ಹೇಳಿ ಬಂದಿದ್ದಳು: "ಅಮ್ಮನ ಉಸಿರು ಹೆಚ್ಚುಕಮ್ಮಿ ಆದ್ರೆ ಹಳದಿ ಟವೆಲ್ ಕಿಟಕಿಗೆ ಹಾಕ್ರಿ. ಫೋನು ನಂಬ್ಕೋಬೇಡಿ."

ಹಡಗು ಬಂದ ದಿನ ದ್ವೀಪದ ಒಂದೇ ಒಂದು ಟವರಿನ ಮೇಲೆ ಎರಡು ಸಾವಿರ ಫೋನುಗಳು ಮುಗಿಬೀಳುತ್ತಿದ್ದವು. ಊರಿನವರ ಫೋನು ಆವತ್ತು ಮುಖ ನೋಡಿಕೊಳ್ಳುವುದಕ್ಕಷ್ಟೇ ಲಾಯಕ್ಕು.

"ಹಳದೀದು ನೆನೆಹಾಕಿದ್ದೀಯಲ್ಲೇ. ಬಿಳೀದು ನಡೆಯುತ್ತಾ?" ಎಂದಿದ್ದ ಗಂಡ.

"ಬಿಳೀದು ಎಲ್ಲರ ಕಿಟಕೀಲೂ ಇರುತ್ತೆ ಕಣ್ರಿ. ಹಿಂಡಿ ಇಟ್ಕೊಳ್ಳಿ. ಒದ್ದೆಯಾದ್ರೂ ಹಳದಿ ಹಳದೀನೇ."

ಅವಳದು ಬೀಗ ರಿಪೇರಿ ಮಾಡುವ, ಕೀಲಿಕೈ ಕೊರೆಯುವ ಅಂಗಡಿ. ದಿಬ್ಬದ ಅರ್ಧ ಬಾಗಿಲುಗಳ ಗುಟ್ಟು ಅವಳ ಬೆರಳಿನಲ್ಲಿತ್ತು. ಬೀಗದಕ್ಕನಿಗೆ ಊರೆಲ್ಲ ಬೀಗರು ಎಂದು ಜನ ತಮಾಷೆ ಮಾಡುತ್ತಿದ್ದರು. ಆದರೆ ಅವಳು ಊರಿಗೇ ಬೀಗ ಹಾಕಲು ಹೊರಟಾಗ ಮಾತ್ರ ಅರ್ಧ ಊರು ನಗಲಿಲ್ಲ.

ಅದಕ್ಕೆ ಕಾರಣ ಹಿಂದಿನ ವರ್ಷದ ಒಂದು ಮಧ್ಯಾಹ್ನ. ಒಂದೇ ದಿನ ಎರಡು ಹಡಗು ಬಂದು, ನಾಲ್ಕು ಸಾವಿರ ಜನ ಊರಿನ ಇನ್ನೂರ ಹನ್ನೆರಡು ಮೆಟ್ಟಿಲುಗಳ ಮೇಲೆ ತುಂಬಿಕೊಂಡಿದ್ದರು. ಎದೆನೋವು ಬಂದ ಬಡಗಿಯನ್ನು ಹೊತ್ತ ಸ್ಟ್ರೆಚರು ನಡುವಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹೋಗಲು ಜಾಗವಿಲ್ಲ, ಹಿಂದಕ್ಕೆ ಬರಲು ದಾರಿಯಿಲ್ಲ. ಯಾರೋ ಅದರದೂ ಒಂದು ಫೋಟೋ ತೆಗೆದುಕೊಂಡರು. ಬಡಗಿ ಅಲ್ಲೇ ಹೋಗಿಬಿಟ್ಟ. ಸ್ಟ್ರೆಚರಿನ ಹಿಂದಿನ ಎಡಗಡೆ ಹಿಡಿ ಬೀಗದಕ್ಕನ ಕೈಯಲ್ಲಿತ್ತು.

ಆಮೇಲೆ ಆರು ತಿಂಗಳು ಮನೆಮನೆ ಮೆಟ್ಟಿಲು ಹತ್ತಿಳಿದು ಸಹಿ ಹಾಕಿಸಿದಳು. ನಿಯಮ ಇಷ್ಟೇ: ಹಡಗಿನಿಂದ ಇಳಿದವರು ಒಂದು ಹೊತ್ತಿಗೆ ಆರುನೂರೇ ಮಂದಿ. ಕೊರಳಲ್ಲಿ ಬಿಲ್ಲೆ ಇದ್ದವರು ಹಗ್ಗದ ಒಳಗೆ, ಇಲ್ಲದವರು ಹೊರಗೆ. ಹಿಂದಿರುಗಿದವರ ಬಿಲ್ಲೆ ಒಂದು ಮೊಳೆಗೆ ಬಂದರೆ ಸಾಲಿನಲ್ಲಿ ಮುಂದಿದ್ದವರು ಒಬ್ಬರು ಒಳಗೆ. ಬಿಲ್ಲೆಗಳನ್ನು ಹಿತ್ತಾಳೆ ತಗಡಿನಲ್ಲಿ ಅವಳೇ ಕೊರೆದು ನಂಬರು ಹೊಡೆದಿದ್ದಳು. ಅಚ್ಚು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಮೊದಲು ಸೊನ್ನೆ ಹೊಡೆದು ನೋಡಿದ ಬಿಲ್ಲೆಯನ್ನು ಎಸೆಯಲು ಮನಸ್ಸು ಬಾರದೆ ತನ್ನ ಕೊರಳಿಗೇ ಹಾಕಿಕೊಂಡಿದ್ದಳು. ಕಾವಲಿನವಳಿಗೂ ಒಂದು ಗುರುತು ಬೇಕಲ್ಲ.

ಮೂರು ತಿಂಗಳ ಪ್ರಯೋಗ ಇವತ್ತಿಗೆ ಕೊನೆ. ನಾಳೆ ಊರ ಸಭೆ. ನಿಯಮ ಉಳಿಯುತ್ತದೋ ಅಳಿಯುತ್ತದೋ ಅಲ್ಲಿ ಕೈ ಎತ್ತುವವರ ಮೇಲೆ.

"ಮಾನ್ಯ ಪ್ರಯಾಣಿಕರೇ, ದಯವಿಟ್ಟು ಗಮನಿಸಿ!" ಹಿಂದಿನಿಂದ ಥೇಟ್ ಹಡಗಿನ ಸ್ಪೀಕರಿನ ದನಿ, ಮೂಗಿನಲ್ಲಿ, ನಡುನಡುವೆ ಗರಗರ ಸಮೇತ. "ಎಡಗಡೆ ಸಮುದ್ರ. ಬಲಗಡೆ ಬೀಗದಕ್ಕ. ಸಮುದ್ರವನ್ನಾದರೂ ದಾಟಬಹುದು!"

ತಗಡಿನ ಚಾವಣಿಯ ಕೆಳಗೆ, ಹಗ್ಗದ ಹೊರಗಿನ ಬೆಂಚುಗಳಲ್ಲಿ ಕಾಯುತ್ತಿದ್ದವರು ನಕ್ಕರು. ಇವನು ಟೋಪಿ ಮಾವ. ಹಡಗು ನಿಲ್ಲುವ ಧಕ್ಕೆಯ ಪಕ್ಕದ ಮೊದಲ ಅಂಗಡಿ ಇವನದು. ಊರಿಗೆ ಬಂದವರಿಗೆಲ್ಲ ಟೋಪಿ ಹಾಕಿಯೇ ಬದುಕುವವನು ನಾನು ಎಂದು ತಾನೇ ಹೇಳಿಕೊಂಡು ನಗುವ ಮನುಷ್ಯ. ನಿಯಮ ಬಂದಾಗಿನಿಂದ ಟೋಪಿಗಳು ಗೂಟದಲ್ಲೇ ಬಿಸಿಲು ಕಾಯಿಸುತ್ತಿದ್ದವು. ನಾಳೆ ನಿಯಮದ ವಿರುದ್ಧ ಮೊದಲು ಏಳುವ ಕೈ ಇವನದೇ ಎಂದು ಎಲ್ಲರಿಗೂ ಗೊತ್ತಿತ್ತು.

"ಅಂಗಡಿ ನೋಡ್ಕೋ ಹೋಗು ಮಾವ."

"ನೋಡ್ಕೊಳ್ಳೋಕೆ ಏನಿದೆ? ನಿನ್ನ ಹಗ್ಗಾನೇ ನೋಡ್ತೀನಿ. ಒಂದು ತಲೆ ಹೆಚ್ಚಾಗಲಿ, ನಾಳೆ ಸಭೇಲಿ ಹೇಳ್ತೀನಿ."

ಹತ್ತು ಗಂಟೆಗೆ ಹಡಗಿನ ಕೆಳಗಿನ ಅಂತಸ್ತಿನವರು ಇಳಿದರು. ಹಡಗಿನಲ್ಲೂ ಮೇಲಿನವರು ಮೊದಲು, ಕೆಳಗಿನವರು ಕೊನೆಗೆ. ಅವರಲ್ಲೊಬ್ಬಳು ಬೆಂಚಿನ ಕಡೆ ಹೋಗದೆ ನೇರ ಹಗ್ಗಕ್ಕೆ ಬಂದಳು. ಕೈಯಲ್ಲಿ ಒಂದೇ ಚೀಲ. ಕೂದಲು ಅರ್ಧ ನೆರೆತಿತ್ತು. ಎಡ ಹುಬ್ಬಿನ ಮೇಲಿನ ಗಾಯದ ಗುರುತು ಮಾತ್ರ ಹಾಗೇ ಇತ್ತು. ಚಿಕ್ಕಂದಿನಲ್ಲಿ ಬೀಗದಕ್ಕನೇ ಎಸೆದ ಅಕ್ಕಿ ಅಳೆಯುವ ಪಡಿಯ ಗುರುತು.

"ಪುಟ್ಟಿ," ಎಂದಳು ಬಂದವಳು, ಬೀಗದಕ್ಕನ ಒಡಹುಟ್ಟಿದ ಅಕ್ಕ.

ಹನ್ನೊಂದು ವರ್ಷದಿಂದ ಅವಳನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಬೀಗದಕ್ಕ ಎದ್ದು ನಿಂತಳು. ಕೈ ಕೊಕ್ಕೆಯ ಮೇಲಿತ್ತು. ತೆಗೆಯಲಿಲ್ಲ.

"ಹೆಂಗ್ ಬಂದೆ? ದೋಣಿ ಇರೋದು ಮಂಗಳವಾರ."

"ಮಂಗಳವಾರದವರೆಗೆ ಅಮ್ಮ ಕಾಯ್ತಾಳೇನೆ? ಮೊನ್ನೆ ನೀನು ಫೋನ್ ಮಾಡಿದ ಮೇಲೆ ಇಲ್ಲಿಗೆ ಬರೋದು ಇದೊಂದೇ ಹಡಗು ಸಿಕ್ಕಿದ್ದು. ಏಳು ದಿನದ ವಿಹಾರವಂತೆ. ಈಜುಕೊಳ ಇದೆ, ಕುಣಿತ ಇದೆ, ಹದಿನಾರು ಬಗೆ ತಿಂಡಿ ಇದೆ. ನಾನು ಎರಡು ರಾತ್ರಿ ಮಂಚದ ಅಂಚಲ್ಲಿ ಕೂತು ಬಂದೆ. ಹಗ್ಗ ತೆಗಿ."

"ಬಿಲ್ಲೆ ಎಲ್ಲ ಹೋಗಿವೆ ಅಕ್ಕ."

"ಏನು ಬಿಲ್ಲೆ?"

ಬೀಗದಕ್ಕ ಬೋಳು ಹಲಗೆಯನ್ನು ತೋರಿಸಿದಳು. ಅಕ್ಕ ಹಲಗೆ ನೋಡಿದಳು, ಹಗ್ಗ ನೋಡಿದಳು, ತಂಗಿಯನ್ನು ನೋಡಿದಳು.

"ನಾನು ಹುಟ್ಟಿದ ಮನೆಗೆ ಹೋಗೋಕೆ ಬಿಲ್ಲೆ ಬೇಕಾ?"

ಪಕ್ಕದಲ್ಲಿ ಟೋಪಿ ಮಾವನ ನಗು ನಿಂತಿತ್ತು. ಅವನು ಅಕ್ಕನನ್ನು ಗುರುತು ಹಿಡಿದಿದ್ದ. ನಿಯಮ ಮಾಡಿದ ಸಭೆಯ ದಿನ ಇವನೇ ಎದ್ದು ಕೇಳಿದ್ದು: "ನೆಂಟರು ಹಡಗಲ್ಲಿ ಬಂದ್ರೆ?" ಊರವರೆಲ್ಲ ಹಡಗಿನವರ ಸೋದರಮಾವಂದಿರಾಗಿ ಬಿಡುತ್ತಾರೆಂಬ ಭಯದಲ್ಲಿ ಬೀಗದಕ್ಕ ಮೇಜು ಗುದ್ದಿ ಹೇಳಿದ್ದಳು: "ನೆಂಟರಿಗೂ ಬಿಲ್ಲೆ ಬೇಕು. ನನ್ನ ಒಡಹುಟ್ಟಿದವಳು ಬಂದರೂ ಬಿಲ್ಲೆ ಬೇಕು!" ಚಪ್ಪಾಳೆ ಬಿದ್ದಿತ್ತು. ಒಡಹುಟ್ಟಿದವಳು ಬರುವುದಿಲ್ಲ ಎಂಬ ಧೈರ್ಯದಿಂದ ಆಡಿದ ಮಾತು. ಗುಮಾಸ್ತ ಅದನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದ.

"ಸಾಲಲ್ಲಿ ಕೂತ್ಕೋ ಅಕ್ಕ. ಯಾರಾದ್ರೂ ವಾಪಸ್ ಬಂದ ಹಾಗೆ ಒಬ್ಬೊಬ್ಬರನ್ನೇ ಬಿಡ್ತೀನಿ."

"ನನ್ನ ಮುಂದೆ ಎಷ್ಟು ಜನ ಇದ್ದಾರೆ?"

"ಎಂಬತ್ತು."

ಅಕ್ಕ ಹೋಗಿ ಕೊನೆಯ ಬೆಂಚಿನಲ್ಲಿ ಚೀಲವನ್ನು ಮಡಿಲಿಗಿಟ್ಟುಕೊಂಡು ಕೂತಳು. ಬೈದಿದ್ದರೆ ಬೀಗದಕ್ಕನಿಗೆ ಎಷ್ಟೋ ವಾಸಿಯಿತ್ತು.

ಟೋಪಿ ಮಾವ ಹತ್ತಿರ ಬಂದ. ದನಿ ತಗ್ಗಿಸಿದಾಗ ಅವನ ಸ್ವಂತ ದನಿ ಯಾರದ್ದೋ ಎರವಲಿನಂತೆ ಕೇಳುತ್ತಿತ್ತು. "ಬಿಡು ಮಾರಾಯ್ತಿ. ಅಮ್ಮ ಆ ಸ್ಥಿತೀಲಿದ್ದಾಳೆ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

ಅವನು ಕನಿಕರದಿಂದ ಹೇಳಿದನೋ, ಬಲೆ ಬೀಸಿದನೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೋ ಇಲ್ಲವೋ. ಬೆಂಚಿನ ತುಂಬ ಕಣ್ಣುಗಳಿದ್ದವು. ಮೊದಲ ಜಾಗದಲ್ಲಿ ಕ್ಯಾಮೆರಾ ಹೊತ್ತ ದಪ್ಪ ಮನುಷ್ಯ, ಬೆಳಿಗ್ಗೆಯಿಂದ ನಾಲ್ಕು ಸಲ ಜಗಳಕ್ಕೆ ಬಂದವನು, ಈಗಲೂ ಎದ್ದು ನಿಂತು ನೋಡುತ್ತಿದ್ದ. ಒಬ್ಬಳನ್ನು ಸಾಲು ತಪ್ಪಿಸಿ ಬಿಟ್ಟರೆ ಉಳಿದವರು ಹಗ್ಗವನ್ನು ಹರಿದುಕೊಂಡೇ ಬರುತ್ತಾರೆ. ನಾಳೆ ಸಭೆಯಲ್ಲಿ ಹಗ್ಗವೇ ಇರುವುದಿಲ್ಲ. ಅವಳ ಅಂಗೈಗೆ ಸ್ಟ್ರೆಚರಿನ ಹಿಡಿಯ ತಣ್ಣನೆಯ ಕಬ್ಬಿಣ ಮತ್ತೆ ತಾಕಿದಂತಾಯಿತು.

"ತಿರುಗಬೇಡ ಮಾವ. ಇಲ್ಲೇ ನೋಡ್ತಿರು."

ಹನ್ನೆರಡಾಯಿತು. ಬಿಲ್ಲೆಗಳು ಒಂದೊಂದೇ ಹಿಂದಿರುಗಿದವು, ಕಂಜೂಸಿನ ಕೈಯಿಂದ ಬೀಳುವ ಭಿಕ್ಷೆಯ ಹಾಗೆ. ಮುನ್ನೂರ ನಾಲ್ಕು ಬಂತು, ಮೊಳೆಯ ಮೇಲೆ ಕೂರುವ ಮೊದಲೇ ಇನ್ನೊಂದು ಕೊರಳಿಗೆ ಹೋಯಿತು. ಐವತ್ತೆಂಟು. ನೂರ ಹನ್ನೊಂದು. ಅಕ್ಕ ಒಂದು ಬೆಂಚು ಮುಂದೆ ಸರಿದಳು.

ಒಂದು ಗಂಟೆಗೆ ಬೀಗದಕ್ಕ ತನ್ನ ಬುತ್ತಿ ತೆಗೆದುಕೊಂಡು ಹಗ್ಗದ ಹತ್ತಿರ ಹೋದಳು. "ಊಟ ಮಾಡು."

"ಯಾಕೆ ಇಷ್ಟು ತಡವಾಗಿ ತಿಳಿಸ್ದೆ?"

"ಹೋಗ್ತಾ ಏನಂದೆ ನೆನಪಿದೆಯಾ? 'ಇಟ್ಕೋ ನಿನ್ನ ಅಮ್ಮನ್ನ, ಬೀಗ ಹಾಕ್ಕೊಂಡು ಇಟ್ಕೋ' ಅಂದೆ."

"ಅಂದೆ. ಅಮ್ಮನ್ನ ಆಸ್ಪತ್ರೆ ಇರೋ ಊರಿಗೆ ಕರ್ಕೊಂಡು ಹೋಗ್ತೀನಿ ಅಂತ ಅದಕ್ಕೂ ಮೊದಲು ಅಂದಿದ್ದೆ. ಅದು ನಿನಗೆ ನೆನಪಿಲ್ಲ." ಅಕ್ಕ ಬುತ್ತಿಯ ಮುಚ್ಚಳ ತೆಗೆಯಲಿಲ್ಲ. "ಈಗಲೂ ಎಣಿಸ್ತಾಳಾ?"

ಬೀಗದಕ್ಕ ತಲೆಯಾಡಿಸಿದಳು. ಅಮ್ಮನಿಗೊಂದು ಅಭ್ಯಾಸ. ಮಲಗುವ ಮೊದಲು ಹೆಣ್ಣುಮಕ್ಕಳ ತಲೆ ಮುಟ್ಟಿ 'ಒಂದು, ಎರಡು' ಎಂದು ಎಣಿಸಿಯೇ ಬಾಗಿಲಿಗೆ ಅಗುಳಿ ಹಾಕುವುದು. ಎರಡಾಗದಿದ್ದರೆ ಅಗುಳಿಯಿಲ್ಲ. ಅಳಿಯ ಬಂದ ಮೇಲೂ ಲೆಕ್ಕ ಎರಡೇ. "ನಾನು ಯಾವ ಲೆಕ್ಕದಲ್ಲಿ ಅತ್ತೆ?" ಎಂದು ಅವನು ಕೇಳಿದರೆ, "ನೀವು ಲೆಕ್ಕಕ್ಕಿಲ್ಲ ಅಳಿಯಂದ್ರೇ, ಆಟಕ್ಕಿದ್ದೀರಿ" ಎಂದು ನಗುತ್ತಿದ್ದಳು. ಅಕ್ಕ ಹೋದ ರಾತ್ರಿ 'ಒಂದು' ಎಂದು ನಿಲ್ಲಿಸಿದವಳು ಬಾಗಿಲು ಬರೀ ಮುಂದೆ ಮಾಡಿ ಮಲಗಿದ್ದಳು. ಹನ್ನೊಂದು ವರ್ಷ ಆ ಮನೆಯ ಬಾಗಿಲಿಗೆ ಅಗುಳಿ ಬಿದ್ದಿರಲಿಲ್ಲ.

"ಎಣಿಸ್ತಾಳೆ," ಎಂದಳು. "ಒಂದಕ್ಕೇ ನಿಲ್ಲಿಸ್ತಾಳೆ."

ಎರಡೂ ಮುಕ್ಕಾಲಿಗೆ, ಇನ್ನೂರ ಆರನೇ ಬಿಲ್ಲೆಯನ್ನು ಕ್ಯಾಮೆರಾದವನ ಕೊರಳಿಗೆ ಹಾಕಿ ಕಳಿಸಿ — ಮೊದಲ ಜಾಗದಲ್ಲಿದ್ದೂ ಅವನು ಎರಡು ಸಲ ಶೌಚಕ್ಕೆ ಹೋಗಿ ಸರದಿ ಕಳೆದುಕೊಂಡಿದ್ದ — ಬೀಗದಕ್ಕ ರೂಢಿಯಂತೆ ಕತ್ತೆತ್ತಿದಳು.

ಹಸಿರು ಕಿಟಕಿಯಲ್ಲಿ ಹಳದಿ.

ಒದ್ದೆ ಟವೆಲ್ಲು ಗಾಳಿಗೂ ಅಲುಗದೆ ಭಾರವಾಗಿ ಜೋತುಬಿದ್ದಿತ್ತು.

ಅಕ್ಕನಿಗೆ ಟವೆಲಿನ ಸಂಕೇತ ಗೊತ್ತಿರಲಿಲ್ಲ. ತಂಗಿಯ ಮುಖ ನೋಡಿಯೇ ಎದ್ದು ನಿಂತಳು. ಅವಳ ಮುಂದೆ ಇನ್ನೂ ಹತ್ತೊಂಬತ್ತು ಜನ. ಹಲಗೆ ಬೋಳು.

ಬೀಗದಕ್ಕನ ಕಾಲು ಆಗಲೇ ಮೊದಲ ಮೆಟ್ಟಿಲಿನ ಕಡೆ ತಿರುಗಿತ್ತು. ಅವಳಿಗೇನು ಅಡ್ಡಿ? ಅವಳು ಊರಿನವಳು, ಒಳಗಿನವಳು. ಹಗ್ಗ ಯಾರ ಕೈಗಾದರೂ ಕೊಟ್ಟು ಓಡಬಹುದು. ಇನ್ನೂರ ಹನ್ನೆರಡು ಮೆಟ್ಟಿಲು, ಹತ್ತು ನಿಮಿಷ. ಅಮ್ಮ ಎಣಿಸುತ್ತಾಳೆ. ಒಂದಕ್ಕೆ ನಿಲ್ಲಿಸುತ್ತಾಳೆ.

ಕೈ ತಾನಾಗಿ ಕೊರಳಿಗೆ ಹೋಯಿತು. ಸೊನ್ನೆಯ ಬಿಲ್ಲೆ ಬೆವರಿಗೆ ಚರ್ಮಕ್ಕೆ ಅಂಟಿಕೊಂಡಿತ್ತು. ಬೆಳಿಗ್ಗೆ ಹತ್ತರಿಂದಲೂ ಅದು ಅಲ್ಲೇ ಇತ್ತು. ಅವಳಿಗೆ ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ.

ಬಿಲ್ಲೆಯನ್ನು ಕೊರಳಿನಿಂದ ತೆಗೆದಳು. ಕೊಕ್ಕೆ ಬಿಚ್ಚಿದಳು. ಹಗ್ಗದ ಹೊರಗೆ, ಹಡಗಿನವರ ಕಡೆ, ಕಾಲಿಟ್ಟಳು. ಬೆಂಚುಗಳೆಲ್ಲ ಒಟ್ಟಿಗೆ ಎದ್ದವು.

"ಯಾರ ಸರದೀನೂ ತಗೊಂಡಿಲ್ಲ!" ಎಂದು ಕೂಗಿದಳು. "ಕೇಳಿ. ಇವಳು ನನ್ನಕ್ಕ. ಮೇಲೆ ನಮ್ಮಮ್ಮ ಹೋಗ್ತಾ ಇದ್ದಾಳೆ. ನಾನು ಹೊರಗೆ ಬಂದೆ, ನನ್ನ ಬಿಲ್ಲೆ ಮೇಲೆ ಇವಳು ಒಳಗೆ ಹೋಗ್ತಾಳೆ. ಒಳಗಿರೋ ತಲೆ ಅಷ್ಟೇ. ಒಂದೂ ಹೆಚ್ಚಿಲ್ಲ."

"ಪುಟ್ಟಿ, ನೀನು?"

"ಮಾತಾಡ್ಬೇಡ. ಓಡು." ಬಿಲ್ಲೆಯನ್ನು ಅಕ್ಕನ ಕೊರಳಿಗೆ ಹಾಕುವಾಗ ಅವಳ ನೆರೆಗೂದಲು ದಾರಕ್ಕೆ ಸಿಕ್ಕಿತು. ಬಿಡಿಸಲು ಹೊತ್ತಿರಲಿಲ್ಲ. "ಹೆಸರು ಹೇಳಬೇಡ, ಅಮ್ಮನಿಗೆ ಈಗ ಕಿವಿ ಕೇಳಿಸಲ್ಲ. ತಲೆ ಬಗ್ಗಿಸು, ಮುಟ್ಟಿ ನೋಡ್ತಾಳೆ."

ಅಕ್ಕ ಓಡಿದಳು. ಐವತ್ತೆಂಟು ವರ್ಷದ ಕಾಲು ಓಡಿದಷ್ಟು.

ಈಗ ಟೋಪಿ ಮಾವನ ಸರದಿ. ಅವನು ತೆರೆದ ಹಗ್ಗದ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದ. ಬೆಂಚಿನವರು ಹೆಜ್ಜೆ ಮುಂದಿಟ್ಟಿದ್ದರು.

"ಮಾವ, ಹಗ್ಗ ಹಿಡಿ."

"ನಾನಾ? ನಾನು ನಿನ್ನ ಹಗ್ಗ ಕಾಯಬೇಕಾ?"

"ನೀನು ಕಾದರೆ ಯಾರೂ ಸುಳ್ಳು ಅನ್ನಲ್ಲ. ಹಿಡಿ ಮಾವ, ಬಂದ್ರು!"

ಅವನು ಹಿಡಿದ. ಕೊಕ್ಕೆ ಬಳೆಗೆ ಬಿತ್ತು. ಮೊದಮೊದಲು ಬೀಗದಕ್ಕನ ದನಿಯಲ್ಲೇ, ಸೊಂಟಕ್ಕೆ ಕೈಯಿಟ್ಟು, "ಬಿಲ್ಲೆ ಇದ್ರೆ ಒಳಗೆ, ಇಲ್ದಿದ್ರೆ ಹೊರಗೆ!" ಎಂದು ಆಡಿ ತೋರಿಸಿದ. ನಾಲ್ಕು ಜನ ನಕ್ಕರು. ಐದನೆಯವನು ಹಗ್ಗದ ಕೆಳಗೆ ನುಸುಳಲು ನೋಡಿದ. ಒಬ್ಬಳು ಗಡಿಯಾರವನ್ನು ಮಾವನ ಮೂಗಿಗೆ ಹಿಡಿದಳು. ಇನ್ನೊಬ್ಬ ಟೋಪಿಯನ್ನೇ ಕಿತ್ತುಕೊಂಡು ಬೀಸಾಡಿದ. ಕಾಲು ಗಂಟೆಯಲ್ಲಿ ಅಣಕದ ದನಿ ಉದುರಿಹೋಗಿ ಗಂಟಲಿನಿಂದ ಬೇರೆಯದೇ ದನಿ ಬಂತು. ಅದು ಯಾರದೂ ಆಗಿರಲಿಲ್ಲ, ಅವನದೇ.

"ಹಿಂದೆ ಸರೀರಿ! ಒಂದು ಬಂದ್ರೆ ಒಂದು! ನಮ್ಮಪ್ಪ ಬಂದ್ರೂ ಅಷ್ಟೇ!"

ಬೀಗದಕ್ಕ ಅಕ್ಕ ಬಿಟ್ಟುಹೋದ ಜಾಗದಲ್ಲಿ ಕೂರಲು ಹೋದಳು.

"ಎಲ್ಲಿಗೆ?" ಎಂದ ಟೋಪಿ ಮಾವ. "ಅದು ನಿನ್ನಕ್ಕನ ಜಾಗ. ಜಾಗ ಬದಲಿ ಮಾಡ್ಕೊಳ್ಳೋದು ನಿಯಮದಲ್ಲಿಲ್ಲ. ಕೊನೇಲಿ ನಿಲ್ಲು."

"ಮಾವ, ಟವೆಲ್ ನೋಡು..."

"ನೋಡ್ದೆ." ಅವನು ಅವಳ ಮುಖ ನೋಡಲಿಲ್ಲ. "ಅರವತ್ತು ಜೊತೆ ಕಣ್ಣು ನನ್ನೂ ನೋಡ್ತಿವೆ. ನಿಲ್ಲು."

ಅವಳು ಹೋಗಿ ಕೊನೆಯಲ್ಲಿ ನಿಂತಳು. ತಾನೇ ಮಾಡಿದ ಬೀಗ, ತಾನೇ ಹೊರಗೆ, ಕೀಲಿಕೈ ಟೋಪಿ ಮಾವನ ಕೈಯಲ್ಲಿ. ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ವಿಚಿತ್ರವಾದ ಸಮಾಧಾನ, ಅದರ ಬೆನ್ನಿಗೇ ಭಯ. ಈ ತಗಡಿನ ಕೆಳಗೆ ಇಷ್ಟು ಸೆಕೆಯೆಂದು ಮೂರು ತಿಂಗಳಲ್ಲಿ ಅವಳಿಗೆ ತಿಳಿದಿರಲಿಲ್ಲ. ಪಕ್ಕದ ಮುದುಕನೊಬ್ಬ, "ನಾನು ಮೂವತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಇಲ್ಲಿಗೆ ಬಂದಿದ್ದೆ. ಒಂದು ಸಲ ಆ ಮೆಟ್ಟಿಲು ಹತ್ತಿ ಇಳಿದ್ರೆ ಸಾಕು" ಎಂದ. ಅವಳು ಅವನಿಗೆ ನೆರಳು ಬಿಟ್ಟು ನಿಂತಳು. ಮೂರೂ ಕಾಲು. ಮೂರೂವರೆ. ಟವೆಲಿನ ಕೆಳಗಿನ ಅಂಚು ಒಣಗಿ ಅಲುಗತೊಡಗಿತು. ತೆಗೆದಿಲ್ಲ ಎಂದರೆ ಇನ್ನೂ ಇದ್ದಾಳೆ ಎಂದೇ? ಅಥವಾ ತೆಗೆಯುವ ನೆನಪು ಯಾರಿಗೂ ಇಲ್ಲವೆಂದೇ? ಆ ಸಂಕೇತಕ್ಕೆ ಅವಳು ಒಂದೇ ಅರ್ಥ ಕಟ್ಟಿಟ್ಟಿದ್ದಳು.

ನಾಲ್ಕು ಗಂಟೆಗೆ ಹಡಗು ಮೊದಲ ಸಲ ಕೂಗಿತು. ಮೆಟ್ಟಿಲಿನ ಮೇಲಿಂದ ಜನ ಇಳಿಯತೊಡಗಿದರು. ಮೊಳೆಗಳ ಮೇಲೆ ಹಿತ್ತಾಳೆ ಟಣಟಣ ಬಿತ್ತು. ಇನ್ನು ಹತ್ತಿ ಏನು ಪ್ರಯೋಜನವೆಂದು ಸಾಲಿನವರು ಗೊಣಗುತ್ತಾ ಹಡಗಿನ ಕಡೆ ಹೊರಟರು. ಮುದುಕ ಮಾತ್ರ ಬಿಲ್ಲೆ ಹಾಕಿಸಿಕೊಂಡು, ಐದೇ ಮೆಟ್ಟಿಲು ಹತ್ತಿ, ನಿಂತು, ಸಮುದ್ರ ನೋಡಿ, ಇಳಿದು ಬಂದು ಬಿಲ್ಲೆ ಕೊಟ್ಟ. ಅದೇ ಬಿಲ್ಲೆ, ನಾನೂರ ಹದಿನೇಳು, ಬೀಗದಕ್ಕನ ಕೊರಳಿಗೆ ಬಂತು.

"ಐದರೊಳಗೆ ಮೊಳೆಗೆ ಬರಬೇಕು," ಎಂದ ಟೋಪಿ ಮಾವ. ಆಮೇಲೆ ಮೆಲ್ಲಗೆ, "ಓಡೇ."

ಬಾಗಿಲು ಮುಂದೆ ಮಾಡಿತ್ತು. ಒಳಗೆ ಗಂಡ ಗೋಡೆಗೆ ಒರಗಿ ನಿಂತಿದ್ದ. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಅಮ್ಮನ ಅಂಗೈ ಅಕ್ಕನ ನೆತ್ತಿಯ ಮೇಲಿತ್ತು. ಉಸಿರು ನಿಂತು ನಿಂತು, ಯೋಚಿಸಿ ಯೋಚಿಸಿ ಬರುತ್ತಿತ್ತು.

"ಬಂದ ತಕ್ಷಣ ಗುರುತು ಹಿಡಿದ್ಲು," ಅಕ್ಕ ಪಿಸುಗುಟ್ಟಿದಳು. "'ಒಂದು' ಅಂದ್ಲು. ಆವಾಗಿಂದ ಬಾಗಿಲು ನೋಡ್ತಿದ್ದಾಳೆ. ನಾನು ಬಂದ್ರೆ ಎರಡಾಗುತ್ತೆ ಅಂದ್ಕೊಂಡಿದ್ದೆ. ಇನ್ನೊಬ್ಬಳು ಎಲ್ಲಿ ಅಂತಾಳೆ."

ಬೀಗದಕ್ಕ ಮಂಡಿಯೂರಿ ತಲೆ ಬಗ್ಗಿಸಿದಳು. ಬೆವರಿದ ಕೂದಲಿನ ಮೇಲೆ ಒಣ ಬೆರಳುಗಳು ಬಂದು ಕೂತವು. ಎಷ್ಟೋ ಹೊತ್ತು ಏನೂ ಆಗಲಿಲ್ಲ.

"ಎರಡು," ಎಂದಳು ಅಮ್ಮ. ಆಮೇಲೆ ಸ್ಪಷ್ಟವಾಗಿ, ಬೈಯುವವಳ ಹಾಗೆ, "ಅಗುಳಿ ಹಾಕ್ರೇ."

ಗಂಡ ಮುಂದೆ ಬಂದು ಹೆಂಡತಿಯ ಕೊರಳಿನಿಂದ ಬಿಲ್ಲೆ ತೆಗೆದುಕೊಂಡ. "ಇದನ್ನ ನಾನು ಕೊಟ್ಟು ಬರ್ತೀನಿ. ನೀವು ಅಗುಳಿ ಹಾಕ್ಕೊಳ್ಳಿ," ಎಂದ. ಹೊಸಿಲು ದಾಟುವಾಗ ತಿರುಗಿ, "ನಾನು ಹೆಂಗೂ ಲೆಕ್ಕಕ್ಕಿಲ್ಲವಲ್ಲ," ಎಂದು ನಗಲು ನೋಡಿದ. ತುಟಿ ಒಪ್ಪಲಿಲ್ಲ.

ಅಗುಳಿ ಅಲುಗಲಿಲ್ಲ. ಹನ್ನೊಂದು ವರ್ಷದ ತುಕ್ಕು. ಊರಿನ ಬೀಗಕ್ಕೆಲ್ಲ ಎಣ್ಣೆ ಬಿಟ್ಟವಳು ಇದಕ್ಕೆ ಒಂದು ಹನಿ ಬಿಟ್ಟಿರಲಿಲ್ಲ. ಅಕ್ಕ ಎದ್ದು ಬಂದು ಇನ್ನೊಂದು ಕೈ ಹಾಕಿದಳು. ಇಬ್ಬರೂ ಸೇರಿ ನೂಕಿದಾಗ ಅದು ಕಿರುಗುಟ್ಟಿ, ತಡೆದು, ಖಟ್ಟೆಂದು ಕೂತಿತು.

ಆ ಸದ್ದಿಗೆ ಅಮ್ಮ ಕಣ್ಣು ಮುಚ್ಚಿದಳು.

ಕೆಳಗೆ ಹಡಗು ಕೊನೆಯ ಸಲ ಕೂಗಿತು. ಟೋಪಿ ಮಾವ ಆರುನೂರು ಮೊಳೆಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದುದು ಗಾಳಿಯಲ್ಲಿ ಚೂರುಚೂರಾಗಿ ಕೇಳಿಸುತ್ತಿತ್ತು. ಸೊನ್ನೆ ನಂಬರಿನ ಬಿಲ್ಲೆ ಅಕ್ಕನ ಕೊರಳಲ್ಲೇ ಇತ್ತು. ಅದನ್ನು ಯಾರೂ ಕೇಳಲು ಬರಲಿಲ್ಲ. ಅಕ್ಕ ತಂಗಿಯರು ಮಂಚದ ಆಚೆಗೊಬ್ಬರು ಈಚೆಗೊಬ್ಬರು ಕೂತು, ಒಬ್ಬರಿಗೊಬ್ಬರು ಹೇಳದೆ, ಅಮ್ಮನ ಉಸಿರು ಎಣಿಸತೊಡಗಿದರು. ಎಷ್ಟಕ್ಕೆ ನಿಂತಿತೆಂದು ಇಬ್ಬರೂ ಆಮೇಲೆ ಯಾರಿಗೂ ಹೇಳಲಿಲ್ಲ.